ಕೂಗಿದರೆ ಓಗೊಡುವ ಹೆಸರು

ಶಿವಮೊಗ್ಗ ಜಿಲ್ಲೆಯ ಒಂದು ಅಡಿಕೆ ಮಂಡಿಗೆ ನಾವು ಬರೆದುಕೊಟ್ಟ ಆ್ಯಪ್ ಮೊದಲ ದಿನವೇ ಕೈಕೊಟ್ಟಿತು. ಬೆಳೆಗಾರರು ಚೀಲ ಇಳಿಸುತ್ತಾರೆ, ತೂಕವಾಗುತ್ತದೆ, ಅಡಿಕೆಯ ಬಗೆ ನೋಡಿ ಗುಮಾಸ್ತರು ಚೀಟಿ ಬರೆಯುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು: ಒಂದೊಂದಕ್ಕೂ ದರ ಬೇರೆ, ಚೀಟಿಯ ಲೆಕ್ಕವೂ ಬೇರೆ. ಆ ಚೀಟಿಯನ್ನು ಫೋನಿನಲ್ಲೇ ಬರೆಯುವಂತಾಗಲಿ ಎಂಬುದಷ್ಟೇ ನಮ್ಮ ಉದ್ದೇಶ. ನನ್ನ ಮೇಜಿನ ಮೇಲಿದ್ದ ಫೋನಿನಲ್ಲಿ ಆ್ಯಪ್ ಎರಡು ತಿಂಗಳು ಒಂದು ಅಡ್ಡಿಯೂ ಇಲ್ಲದೆ ನಡೆದಿತ್ತು. ಗುಮಾಸ್ತರ ಫೋನಿಗೆ ಹಾಕಿಕೊಟ್ಟಾಗ ತೆರೆಯಿತು, ಪಟ್ಟಿಯನ್ನೂ ತೋರಿಸಿತು. ಅವರು ‘ರಾಶಿ’ಯ ಮೇಲೆ ಬೆರಳಿಟ್ಟದ್ದೇ ತಡ, ತಟ್ಟನೆ ಮುಚ್ಚಿಕೊಂಡಿತು. ಬೆಟ್ಟೆ ಒತ್ತಿದರೂ ಹಾಗೆಯೇ. ಹೊರಗೆ ಲಾರಿ ಕಾಯುತ್ತಿತ್ತು. ಗುಮಾಸ್ತರು ಒಂದು ಮಾತೂ ಆಡದೆ ಹಳೆಯ ಚೀಟಿ ಪುಸ್ತಕ ತೆಗೆದು ಕಾರ್ಬನ್ ಹಾಳೆ ಸರಿಮಾಡಿಕೊಂಡರು.

ಆ ಫೋನ್ ಕಳಿಸಿದ ದೋಷದ ವರದಿಯಲ್ಲಿ ಮುಖ್ಯವಾದದ್ದು ಒಂದೇ ಸಾಲು. ‘ಕ್ಲಾಸ್‌ನಾಟ್‌ಫೌಂಡ್‌ಎಕ್ಸೆಪ್ಷನ್’. ನೀವು ಕೂಗಿದ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದು ಅದರ ಅರ್ಥ. ರಾಶಿ ಎಂಬ ಕ್ಲಾಸನ್ನು ಬರೆದವನು ನಾನೇ. ಅದು ನನ್ನ ಫೋನಿನಲ್ಲಿ ಇತ್ತು, ಅವರ ಫೋನಿನಲ್ಲಿ ಇರಲಿಲ್ಲ. ಎಲ್ಲಿಗೆ ಹೋಯಿತು ಎಂದು ತಿಳಿಯಬೇಕಾದರೆ ಪ್ರೋಗ್ರಾಮಿನೊಳಗೆ ಹೆಸರು ಅನ್ನುವುದು ಹೇಗೆ ಬದುಕುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ನೋಡಬೇಕು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದವರಿಗೆ ಕ್ಲಾಸ್ ಎಂದರೇನೆಂದು ವಿವರಿಸುವುದು ಸುಲಭ. ಗಿಳಿಯ ಮರದ ಅಚ್ಚು ಒಂದೇ, ಅದರಿಂದ ತೆಗೆಯುವ ಗಿಳಿಗಳು ಎಷ್ಟು ಬೇಕಾದರೂ. ಪ್ರೋಗ್ರಾಮಿನಲ್ಲಿ ಮರದ ಅಚ್ಚಿನ ಜಾಗದಲ್ಲಿರುವುದು ಕ್ಲಾಸ್, ಸಕ್ಕರೆಯ ಗಿಳಿಯ ಜಾಗದಲ್ಲಿರುವುದು ಆಬ್ಜೆಕ್ಟ್. ಕನ್ನಡದಲ್ಲಿ ವಸ್ತು ಅನ್ನೋಣ. ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಸಕ್ಕರೆಯ ಗಿಳಿ ಏನೂ ಮಾಡುವುದಿಲ್ಲ. ಪ್ರೋಗ್ರಾಮಿನ ವಸ್ತು ತನ್ನ ತೂಕ ತಾನೇ ನೆನಪಿಟ್ಟುಕೊಳ್ಳುತ್ತದೆ, ಕೇಳಿದರೆ ತನ್ನ ಬೆಲೆಯನ್ನು ತಾನೇ ಲೆಕ್ಕ ಹಾಕಿ ಹೇಳುತ್ತದೆ. ರಾಶಿ ಎಂಬ ಅಚ್ಚಿನಿಂದ ಬಂದ ವಸ್ತು ರಾಶಿಯ ಕ್ರಮದಲ್ಲಿ, ಬೆಟ್ಟೆಯ ಅಚ್ಚಿನಿಂದ ಬಂದದ್ದು ಬೆಟ್ಟೆಯ ಕ್ರಮದಲ್ಲಿ.

ವಸ್ತು ಬೇಕಾದಾಗ ಪ್ರೋಗ್ರಾಮರ್ ‘ನ್ಯೂ ರಾಶಿ’ ಎಂದು ಬರೆಯುತ್ತಾನೆ. ಇಲ್ಲಿ ರಾಶಿ ಎಂಬುದು ಬರೆಯುವಾಗಲೇ ನಿಶ್ಚಯವಾದ ಹೆಸರು. ಆದರೆ ಗುಮಾಸ್ತರು ಯಾವುದರ ಮೇಲೆ ಬೆರಳಿಡುತ್ತಾರೆ ಎಂಬುದು ನನಗೆ ಬರೆಯುವಾಗ ಗೊತ್ತಿರುವುದಿಲ್ಲ. ಅವರು ಒತ್ತಿದಾಗ ನನ್ನ ಕೈಗೆ ಸಿಗುವುದು ಒಂದು ಪದ, ಬರಿಯ ಅಕ್ಷರಗಳ ಸಾಲು. ಆ ಅಕ್ಷರಗಳಿಂದ ಅಚ್ಚನ್ನು ಮುಟ್ಟುವುದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಪ್ರಶ್ನೆಗಳ ಸರಪಳಿ. ಪದ ‘ರಾಶಿ’ ಆಗಿದ್ದರೆ ರಾಶಿಯ ವಸ್ತು ಮಾಡು, ಇಲ್ಲದಿದ್ದರೆ, ‘ಬೆಟ್ಟೆ’ ಆಗಿದ್ದರೆ ಬೆಟ್ಟೆಯದು ಮಾಡು, ಅದೂ ಅಲ್ಲದಿದ್ದರೆ... ನಾಲ್ಕು ಬಗೆ ಇರುವತನಕ ಇದರಲ್ಲಿ ತಪ್ಪೇನಿಲ್ಲ. ಈ ಸರಪಳಿಯನ್ನು ಕೀಳಾಗಿ ಕಾಣುವವರ ಜೊತೆ ನಾನು ಸೇರುವುದಿಲ್ಲ. ಅದು ಓದಿದರೆ ಅರ್ಥವಾಗುತ್ತದೆ, ಮುರಿದರೆ ಎಲ್ಲಿ ಮುರಿಯಿತೆಂದು ಕಾಣುತ್ತದೆ. ತೊಡಕು ಇರುವುದು ಬೇರೆ ಕಡೆ. ಸರಪಳಿ ಬರೆಯುವವನಿಗೆ ಎಲ್ಲ ಹೆಸರುಗಳೂ ಮೊದಲೇ ಗೊತ್ತಿರಬೇಕು. ನಾಳೆ ಬೇರೆ ಮಂಡಿಯವರು ತಮ್ಮ ಕಡೆಯ ಬಗೆಗಳನ್ನು ಸೇರಿಸಬೇಕೆಂದರೆ ನನ್ನ ಕಡತವನ್ನೇ ತೆರೆದು ತಿದ್ದಬೇಕು. ನಾನು ಕಂಡರಿಯದ, ಇನ್ನೂ ಯಾರೂ ಬರೆದೇ ಇಲ್ಲದ ಕ್ಲಾಸಿಗೆ ಅದರಲ್ಲಿ ಜಾಗವಿಲ್ಲ.

ಎರಡನೆಯ ದಾರಿ ಹೆಸರು ಹಿಡಿದು ಕೂಗುವುದು. ಈ ಅಕ್ಷರಗಳ ಹೆಸರಿನ ಕ್ಲಾಸ್ ಯಾವುದಿದೆಯೋ ಅದನ್ನು ಹುಡುಕಿ ತಾ, ಅದರಿಂದ ಒಂದು ವಸ್ತು ಮಾಡಿಕೊಡು ಎಂದು ಭಾಷೆಯನ್ನೇ ಕೇಳುವುದು. ಜಾವಾದಲ್ಲಿ ಇದಕ್ಕೆ ‘ಕ್ಲಾಸ್ ಡಾಟ್ ಫಾರ್‌ನೇಮ್’ ಎಂಬ ಕರೆ ಇದೆ. ಸರಪಳಿ ಇಲ್ಲ, ಪಟ್ಟಿ ಇಲ್ಲ, ಎರಡೇ ಸಾಲು. ನಮ್ಮ ಆ್ಯಪ್‌ನಲ್ಲಿ ನಾನು ಬಳಸಿದ್ದು ಇದನ್ನೇ. ಪಟ್ಟಿಗೆಂದು ಸರ್ವರ್ ಕಳಿಸಿದ ಪದದ ಮೊದಲಿಗೆ, ಕ್ಲಾಸುಗಳ ಗುಂಪಾದ ಪ್ಯಾಕೇಜಿನ ಹೆಸರು ಅಂಟಿಸಿ ಕೂಗಿದೆ. ಆಗ ಕ್ಲಾಸುಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟಿದ್ದೆವು. ಈ ಸಂಗತಿ ಆಮೇಲೆ ಬೇಕಾಗುತ್ತದೆ.

ಕೂಗಿದಾಗ ಒಳಗೆ ನಡೆಯುವುದನ್ನು ನಿಧಾನವಾಗಿ ನೋಡುವುದು ಲೇಸು. ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವ ಜಾವಾ ಯಂತ್ರಕ್ಕೆ ಒಂದು ಹೆಸರು ಸಿಕ್ಕಿತು ಅನ್ನಿ. ಆ ಕ್ಲಾಸು ಈಗಾಗಲೇ ಒಳಗೆ ಬಂದಿದೆಯೇ ಎಂದು ಯಂತ್ರ ಮೊದಲು ತನ್ನ ನೆನಪಿನಲ್ಲಿ ನೋಡುತ್ತದೆ. ಬಂದಿಲ್ಲದಿದ್ದರೆ ‘ಕ್ಲಾಸ್ ಲೋಡರ್’ ಎಂಬ ತನ್ನ ಆಳನ್ನು ಅಟ್ಟುತ್ತದೆ. ಆ ಆಳು ತಾನು ಹೊರಡುವ ಮೊದಲು ತನಗಿಂತ ಹಿರಿಯ ಲೋಡರನ್ನು ಕೇಳುತ್ತದೆ. ಹಿರಿಯರಿಗೆ ಸಿಗದಿದ್ದರೆ ಮಾತ್ರ ತಾನು ಹುಡುಕುತ್ತದೆ. ಹೆಸರಿನೊಳಗಿನ ಚುಕ್ಕಿಗಳನ್ನು ಓರೆಗೆರೆಗಳಾಗಿ ಬದಲಿಸಿಕೊಂಡರೆ ಅದೇ ಕಡತದ ದಾರಿಯಾಗುತ್ತದೆ. ಕಡತ ಸಿಕ್ಕಿದ ಮೇಲೆ ಅದರ ಮೊದಲ 4 ಬೈಟುಗಳನ್ನು ಯಂತ್ರ ನೋಡುತ್ತದೆ. ಪ್ರತಿಯೊಂದು ಜಾವಾ ಕ್ಲಾಸ್ ಕಡತವೂ ಒಂದೇ ಗುರುತಿನಿಂದ ಶುರುವಾಗಬೇಕು, ಹದಿನಾರರ ಎಣಿಕೆಯಲ್ಲಿ ಬರೆದರೆ ‘ಕೆಫೆಬೇಬ್’ ಎಂದು ಓದಿಸಿಕೊಳ್ಳುವ ಗುರುತು. ಅದು ಸರಿಯಿದ್ದರೆ ಒಳಗಿನ ಆದೇಶಗಳು ನಿಯಮ ಮೀರಿಲ್ಲವೇ ಎಂಬ ಪರೀಕ್ಷೆ ನಡೆಯುತ್ತದೆ. ಆಮೇಲೆ ಕ್ಲಾಸಿನ ಆರಂಭದ ಸಾಲುಗಳು, ವಸ್ತು ಹುಟ್ಟುವುದಕ್ಕೂ ಮೊದಲೇ, ಒಂದು ಸಲ ಓಡುತ್ತವೆ. ಇಷ್ಟಾದ ಮೇಲೆ ನನ್ನ ಕೈಗೆ ಬರುವುದು ಅಚ್ಚು. ಸಕ್ಕರೆ ಪಾಕ ಹೊಯ್ಯುವುದು ಆಮೇಲಿನ ಮಾತು: ಆ ಅಚ್ಚಿನ ‘ಕನ್‌ಸ್ಟ್ರಕ್ಟರ್’ ಯಾವುದೆಂದು ಕೇಳಿ, ಅದನ್ನು ಕರೆದು, ವಸ್ತು ಪಡೆಯಬೇಕು.

ಅಚ್ಚು ಕೂಡ ಒಂದು ವಸ್ತುವಾಗಿ ಕೈಗೆ ಬರುತ್ತದೆ ಎನ್ನುವುದೇ ಇಲ್ಲಿನ ಅಚ್ಚರಿ. ಅದನ್ನು ಪ್ರಶ್ನೆ ಕೇಳಬಹುದು: ನಿನ್ನ ಹೆಸರೇನು, ನಿನ್ನಲ್ಲಿ ಯಾವ ಯಾವ ಕೆಲಸಗಳಿವೆ, ನಿನ್ನ ಮೂಲ ಯಾರು. ಪ್ರೋಗ್ರಾಮು ಕನ್ನಡಿಯಲ್ಲಿ ತನ್ನ ಮುಖ ತಾನು ನೋಡಿಕೊಂಡ ಹಾಗೆ. ಈ ಶಕ್ತಿಗೆ ‘ರಿಫ್ಲೆಕ್ಷನ್’ ಎಂದು ಹೆಸರು. ಬ್ರಯನ್ ಕ್ಯಾಂಟ್‌ವೆಲ್ ಸ್ಮಿತ್ 1982ರಲ್ಲಿ ಎಂಐಟಿಗೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧ ಈ ವಿಚಾರವನ್ನು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಶಾಸ್ತ್ರೀಯವಾಗಿ ನೆಲೆಗೊಳಿಸಿತು.

ಈ ಶಕ್ತಿ ಎಲ್ಲ ಭಾಷೆಗಳಿಗೂ ಇರಲಿಲ್ಲ. ಕ್ಲಾಸು, ಆಬ್ಜೆಕ್ಟು ಹುಟ್ಟಿದ್ದು ನಾರ್ವೆಯಲ್ಲಿ. ಆಸ್ಲೊ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಉಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ‘ಸಿಮ್ಯುಲಾ 67’ ಇವೆರಡನ್ನೂ ಜಗತ್ತಿಗೆ ಕೊಟ್ಟ ಭಾಷೆ. 2001ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಇಬ್ಬರಿಗೂ ಸಂದಿತು, 2002ರಲ್ಲಿ ಇಬ್ಬರೂ ತೀರಿಕೊಂಡರು. ಅವರ ಭಾಷೆಯಲ್ಲಿ ಅಚ್ಚು ಇತ್ತು, ಅಚ್ಚಿಗೆ ಹೆಸರೂ ಇತ್ತು, ಆದರೆ ಆ ಹೆಸರು ಬರೆಯುವವನ ಅನುಕೂಲಕ್ಕೆ ಮಾತ್ರ. ಕಂಪೈಲರ್ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವಾಗ ಹೆಸರನ್ನು ವಿಳಾಸವಾಗಿ ಬದಲಿಸಿಬಿಡುತ್ತದೆ, ಮನೆಯ ಹೆಸರು ಹೋಗಿ ಬಾಗಿಲಿನ ಸಂಖ್ಯೆ ಮಾತ್ರ ಉಳಿದಂತೆ. ಬ್ಯಾರ್ನೆ ಸ್ಟ್ರೌಸ್ಟ್ರುಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಶುರುಮಾಡಿದ ಸಿ++ ಈ ದಾರಿಯನ್ನೇ ಹಿಡಿಯಿತು. ಇದರಿಂದ ವೇಗ ಸಿಗುತ್ತದೆ. ಓಡುತ್ತಿರುವ ಪ್ರೋಗ್ರಾಮಿನೊಳಗೆ ನಿಂತು ‘ರಾಶಿ’ ಎಂದು ಕೂಗಿದರೆ ಓಗೊಡಲು ಮಾತ್ರ ಯಾರೂ ಇರುವುದಿಲ್ಲ. ಸಿ++ ಬರೆಯುವವರು ಇಂದಿಗೂ ಹೆಸರು ಮತ್ತು ವಸ್ತು ಮಾಡಿಕೊಡುವ ಫಂಕ್ಷನ್ ಎರಡನ್ನೂ ಜೋಡಿಸಿದ ಕೋಷ್ಟಕವನ್ನು ಕೈಯಾರೆ ಕಟ್ಟಿಕೊಳ್ಳುತ್ತಾರೆ.

ಹೆಸರನ್ನು ಸಾಯಗೊಡದ ಇನ್ನೊಂದು ವಂಶ ಅಷ್ಟರಲ್ಲೇ ಬೆಳೆದಿತ್ತು. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಶುರುಮಾಡಿದ ಲಿಸ್ಪ್‌ನಲ್ಲಿ ಪದಗಳೇ ದತ್ತಾಂಶ. ಲಿಸ್ಪ್ ವಾಕ್ಯದ ಬೆಲೆ ಕಂಡುಹಿಡಿಯುವ ‘ಇವಾಲ್’ ಎಂಬ ಫಂಕ್ಷನ್ನನ್ನು ಅವರು ಬರೆದಿಟ್ಟಿದ್ದು ಕಾಗದದ ಮೇಲಿನ ಸಿದ್ಧಾಂತಕ್ಕಾಗಿ. ಸ್ಟೀವ್ ರಸೆಲ್ ಅದನ್ನು ಓದಿ, ಇದನ್ನು ಯಂತ್ರಕ್ಕೇ ಹಾಕಬಹುದಲ್ಲ ಎಂದು ಐಬಿಎಂ 704ರ ಆದೇಶಗಳಲ್ಲಿ ಕೈಯಾರೆ ಬರೆದುಬಿಟ್ಟರು. ಓಡುತ್ತಿರುವ ಪ್ರೋಗ್ರಾಮಿಗೆ ಹೊಸ ಅಕ್ಷರಗಳನ್ನು ಕೊಟ್ಟು ಕೆಲಸ ಮಾಡಿಸುವ ಕಲೆ ಅಲ್ಲಿಂದ ಬಂತು. 1970ರ ದಶಕದಲ್ಲಿ ಪಾಲೊ ಆಲ್ಟೊದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೀಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಕಟ್ಟಿದ ಸ್ಮಾಲ್‌ಟಾಕ್‌ನಲ್ಲಿ ಈ ಎರಡು ವಂಶಗಳೂ ಕೂಡಿದವು. ಅಲ್ಲಿ ಕ್ಲಾಸ್ ಕೂಡ ಒಂದು ವಸ್ತು. ಎಲ್ಲ ಕ್ಲಾಸುಗಳನ್ನೂ ಹೆಸರಿನೊಂದಿಗೆ ಬರೆದಿಟ್ಟ ಒಂದು ನಿಘಂಟು ವ್ಯವಸ್ಥೆಯೊಳಗೇ ಇರುತ್ತದೆ, ಅದರ ಹೆಸರೂ ಸ್ಮಾಲ್‌ಟಾಕ್. ನಿಘಂಟಿಗೆ ಪದ ಕೊಡಿ, ಅಚ್ಚು ಬರುತ್ತದೆ. ಅಚ್ಚಿಗೆ ‘ನ್ಯೂ’ ಎನ್ನಿ, ವಸ್ತು ಬರುತ್ತದೆ. ನನಗೆ ಇಷ್ಟು ನೇರವಾದ, ಇಷ್ಟು ಚೆಲುವಾದ ವ್ಯವಸ್ಥೆ ಇನ್ನೊಂದು ಕಂಡಿಲ್ಲ.

ಸ್ಮಾಲ್‌ಟಾಕ್‌ನ ಗುಣವನ್ನು ಸಿ ಭಾಷೆಗೆ ಬೆರೆಸಿ ಬ್ರಾಡ್ ಕಾಕ್ಸ್ ಮತ್ತು ಟಾಮ್ ಲವ್ 1980ರ ದಶಕದ ಆರಂಭದಲ್ಲಿ ಆಬ್ಜೆಕ್ಟಿವ್ ಸಿ ಮಾಡಿದರು. ಆ್ಯಪಲ್ ಬಿಟ್ಟ ಸ್ಟೀವ್ ಜಾಬ್ಸ್ ತಮ್ಮ ಹೊಸ ಕಂಪನಿ ನೆಕ್ಸ್ಟ್‌ಗೆ ಆರಿಸಿಕೊಂಡದ್ದು ಅದನ್ನು. ನೆಕ್ಸ್ಟ್ ಕಂಪ್ಯೂಟರಿನಲ್ಲಿ ಪರದೆಯ ಮೇಲಿನ ಗುಂಡಿ, ಪೆಟ್ಟಿಗೆಗಳನ್ನು ಮೌಸಿನಿಂದ ಎಳೆದು ಜೋಡಿಸುವ ‘ಇಂಟರ್‌ಫೇಸ್ ಬಿಲ್ಡರ್’ ಇತ್ತು. ಜೋಡಿಸಿದ್ದನ್ನು ಒಂದು ಕಡತದಲ್ಲಿ ಉಳಿಸಿದಾಗ ಪ್ರತಿ ಗುಂಡಿಯ ಕ್ಲಾಸಿನ ಹೆಸರು ಅದರೊಳಗೆ ಅಕ್ಷರಗಳಾಗಿ ಕೂರುತ್ತಿತ್ತು. ಪ್ರೋಗ್ರಾಮು ಶುರುವಾದಾಗ ಆ ಅಕ್ಷರಗಳನ್ನು ಓದಿ, ಆ ಹೆಸರಿನ ಕ್ಲಾಸುಗಳನ್ನು ಹುಡುಕಿ, ಗುಂಡಿಗಳನ್ನು ಹುಟ್ಟಿಸುತ್ತಿತ್ತು. ಟಿಮ್ ಬರ್ನರ್ಸ್ ಲೀ 1990ರಲ್ಲಿ ಸರ್ನ್‌ನಲ್ಲಿ ಜಗತ್ತಿನ ಮೊದಲ ವೆಬ್ ಬ್ರೌಸರ್ ಬರೆದದ್ದು ಇಂಥ ಒಂದು ನೆಕ್ಸ್ಟ್ ಯಂತ್ರದ ಮೇಲೆ.

1995ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಜಾವಾವನ್ನು ಲೋಕಕ್ಕೆ ಪರಿಚಯಿಸಿದಾಗ ಹೆಸರಿನಿಂದ ಕ್ಲಾಸ್ ತರುವ ಕರೆ ಅದರಲ್ಲಿ ಮೊದಲಿನಿಂದಲೇ ಇತ್ತು. ಎರಡು ಸಾವಿರದ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೂತವರಿಗೆಲ್ಲ ಒಂದು ಸಾಲು ಬಾಯಿಪಾಠ. ಡೇಟಾಬೇಸಿಗೆ ಸಂಪರ್ಕ ಸಾಧಿಸುವ ಮೊದಲು ‘ಕ್ಲಾಸ್ ಡಾಟ್ ಫಾರ್‌ನೇಮ್’ ಎಂದು ಬರೆದು, ಆವರಣದೊಳಗೆ ಮೈಎಸ್‌ಕ್ಯುಎಲ್ ಅಥವಾ ಒರಾಕಲ್ ಡ್ರೈವರಿನ ಉದ್ದನೆಯ ಹೆಸರು ಬರೆಯುವುದು. ಆ ಸಾಲು ಅಚ್ಚನ್ನು ತಂದುಕೊಡುತ್ತಿತ್ತು, ನಾವು ಅದನ್ನು ಎಲ್ಲಿಯೂ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಹಿಡಿಯದಿದ್ದ ಮೇಲೆ ತರುವುದೇಕೆ ಎಂದು ನಾನು ಒಮ್ಮೆ ಕೇಳಿದಾಗ ಲ್ಯಾಬಿನಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ, ಅಳಿಸಿದರೆ ನಡೆಯುವುದಿಲ್ಲ ಅಂದರು. ಉತ್ತರ ಆಗಲೇ ಹೇಳಿದ ಆರಂಭದ ಸಾಲುಗಳಲ್ಲಿದೆ. ಕ್ಲಾಸ್ ಒಳಗೆ ಬಂದ ಕೂಡಲೇ ಒಂದು ಸಲ ಓಡುವ ಆ ಸಾಲುಗಳಲ್ಲಿ ಡ್ರೈವರು ‘ನಾನಿದ್ದೇನೆ’ ಎಂದು ಮೇಲ್ವಿಚಾರಕನ ಬಳಿ ತನ್ನ ಹೆಸರನ್ನು ತಾನೇ ಬರೆಸುತ್ತಿತ್ತು. ಕೂಗಿದ್ದು ಎಬ್ಬಿಸಲಿಕ್ಕೆ ಮಾತ್ರ. ಆ ಹೆಸರನ್ನು ಸೆಟ್ಟಿಂಗ್ಸ್ ಕಡತದಲ್ಲಿಟ್ಟರೆ, ಡೇಟಾಬೇಸ್ ಬದಲಾದಾಗ ಪ್ರೋಗ್ರಾಮನ್ನು ಮುಟ್ಟಬೇಕಿರಲಿಲ್ಲ, ಆ ಕಡತವನ್ನು ತಿದ್ದಿದರೆ ಮುಗಿಯಿತು. 2006ರ ಜಾವಾ 6 ಬಂದ ಮೇಲೆ ಡ್ರೈವರುಗಳು ತಾವೇ ಪತ್ತೆಯಾಗುವ ವ್ಯವಸ್ಥೆಯಾಯಿತು, ಆ ಸಾಲು ಬೇಡವಾಯಿತು. ಆದರೂ ಕೈ ಅಭ್ಯಾಸದಿಂದ ಅದನ್ನು ಬರೆಯುವವರು ಈಗಲೂ ಇದ್ದಾರೆ.

ನಿಮ್ಮ ಕೈಯಲ್ಲಿರುವ ಆ್ಯಂಡ್ರಾಯ್ಡ್ ಫೋನೂ ದಿನಕ್ಕೆ ಎಷ್ಟೋ ಸಲ ಹೀಗೆ ಕೂಗುತ್ತದೆ. ಆ್ಯಪ್‌ನ ಚಿತ್ರದ ಮೇಲೆ ಬೆರಳಿಟ್ಟಾಗ ಆ್ಯಪ್‌ನೊಡನೆ ಬಂದ ‘ಮ್ಯಾನಿಫೆಸ್ಟ್’ ಎಂಬ ಪಟ್ಟಿಯಿಂದ ವ್ಯವಸ್ಥೆ ಒಂದು ಕ್ಲಾಸಿನ ಹೆಸರು ಓದಿಕೊಳ್ಳುತ್ತದೆ, ಆ ಹೆಸರಿನ ಕ್ಲಾಸನ್ನು ಹುಡುಕುತ್ತದೆ, ಅದರಿಂದ ಒಂದು ವಸ್ತು ಹುಟ್ಟಿಸುತ್ತದೆ. ಪರದೆಯ ಮೇಲೆ ತೆರೆದುಕೊಳ್ಳುವುದು ಆ ವಸ್ತು. ಆ್ಯಂಡ್ರಾಯ್ಡ್ ಬರೆದವರಿಗೆ ನಮ್ಮ ಮಂಡಿಯ ಆ್ಯಪ್ ಎಂಬುದೊಂದು ಹುಟ್ಟುತ್ತದೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಮುಂದೆಂದೋ ಹುಟ್ಟುವವರಿಗೆ ಒಂದು ಮಣೆ ಹಾಕಿಟ್ಟು, ಹೆಸರು ಹೇಳಿದಾಗ ಬಂದು ಕೂರಲಿ ಎಂದು ಬಿಟ್ಟರು.

ಇನ್ನು ನನ್ನ ರಾಶಿ ಎಲ್ಲಿ ಹೋಯಿತೆಂದು ಹೇಳಬಹುದು. ಪರೀಕ್ಷೆಗಾಗಿ ಓಡಿಸುವ ಆ್ಯಪ್‌ಗೂ ಜನರಿಗೆ ಕೊಡುವ ಆ್ಯಪ್‌ಗೂ ಒಂದು ವ್ಯತ್ಯಾಸವಿದೆ. ಕೊಡುವ ಮೊದಲು ಅದನ್ನು ಹಗುರ ಮಾಡುತ್ತಾರೆ. ಆರ್8 ಎಂಬ ಉಪಕರಣ ಪ್ರೋಗ್ರಾಮನ್ನೆಲ್ಲ ಜಾಲಾಡಿ, ಎಲ್ಲಿಂದಲೂ ಯಾರೂ ಕರೆಯದ ಕ್ಲಾಸುಗಳನ್ನು ಕಿತ್ತುಹಾಕುತ್ತದೆ. ಉಳಿದವುಗಳ ಉದ್ದ ಹೆಸರುಗಳನ್ನು ಒಂದೆರಡು ಅಕ್ಷರಕ್ಕೆ ಇಳಿಸುತ್ತದೆ. ಮ್ಯಾನಿಫೆಸ್ಟಿನಲ್ಲಿರುವ ಹೆಸರುಗಳನ್ನು ಮುಟ್ಟಬಾರದೆಂದು ಅದಕ್ಕೆ ಗೊತ್ತು, ಅದಕ್ಕೇ ನಮ್ಮ ಆ್ಯಪ್ ತೆರೆದುಕೊಂಡಿತು. ಫಾರ್‌ನೇಮ್ ಕರೆಯೊಳಗೆ ಪೂರ್ತಿ ಹೆಸರನ್ನು ಹಾಗೆಯೇ ಬರೆದಿದ್ದರೂ ಅದು ಗುರುತು ಹಿಡಿಯುತ್ತಿತ್ತು. ನಾನು ಹೆಸರನ್ನು ಓಡುವಾಗ ಜೋಡಿಸುತ್ತಿದ್ದೆ, ಅರ್ಧ ನನ್ನದು, ಅರ್ಧ ಸರ್ವರಿನಿಂದ ಬಂದದ್ದು. ಉಪಕರಣದ ಕಣ್ಣಿಗೆ ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕೂ ಯಾರಿಗೂ ಬೇಡದ ಕ್ಲಾಸುಗಳಾಗಿ ಕಂಡವು. ಕಿತ್ತುಹಾಕಿತು. ಗುಮಾಸ್ತರ ಫೋನಿಗೆ ಅವು ಹೋಗಿಯೇ ಇರಲಿಲ್ಲ.

ಇದು ಆ ಉಪಕರಣದ ತಪ್ಪಲ್ಲ. ‘ನ್ಯೂ ರಾಶಿ’ ಎಂದು ಬರೆದಾಗ ಕಂಪೈಲರು, ಎಡಿಟರು, ಹಗುರ ಮಾಡುವ ಉಪಕರಣ ಎಲ್ಲವೂ ಆ ಹೆಸರನ್ನು ನೋಡುತ್ತವೆ. ತಪ್ಪಾಗಿ ಬರೆದರೆ ಕೆಂಪು ಗೆರೆ ಎಳೆಯುತ್ತವೆ, ಹೆಸರು ಬದಲಿಸಿದರೆ ಎಲ್ಲ ಕಡೆ ಬದಲಿಸಿಕೊಡುತ್ತವೆ. ಅದೇ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದ ಕ್ಷಣ ಅವುಗಳ ಪಾಲಿಗೆ ಅದು ಬಹುಮಟ್ಟಿಗೆ ಬರಿಯ ಅಕ್ಷರ. ಆ ಎಚ್ಚರವನ್ನೆಲ್ಲ ನಾವೇ ಹೊರಬೇಕು. ಆ ದಿನ ನಾನು ಮಾಡಿದ್ದು ಇಷ್ಟೇ: ಈ ನಾಲ್ಕು ಕ್ಲಾಸುಗಳನ್ನು ಉಳಿಸಿಕೋ, ಹೆಸರು ಕೆಡಿಸಬೇಡ ಎಂದು ಉಪಕರಣಕ್ಕೆ ಒಂದು ಸಾಲಿನ ಸೂಚನೆ ಬರೆದೆ. ಸಂಜೆಯೊಳಗೆ ರಾಶಿಯ ಚೀಟಿ ಫೋನಿನಿಂದಲೇ ಹೊರಬಂತು.

ಕೂಗಿದವರಿಗೆ ಯಾರೂ ಓಗೊಡದಿರುವುದು ಸಣ್ಣ ತೊಂದರೆ. ಯಾರು ಕೂಗಿದರೂ ಓಗೊಡುವುದು ದೊಡ್ಡದು. ನಾನು ಹುಡುಗನಾಗಿದ್ದಾಗ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಹೊರಗಿನಿಂದ ಪರಿಚಿತರ ದನಿಯಲ್ಲೇ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಓಗೊಟ್ಟರೆ ಕೇಡು ಎಂಬ ಭಯ ಆಗ ಊರೂರಿಗೆ ಹಬ್ಬಿತ್ತು. ಹೊರಗಿನಿಂದ ಬಂದ ಅಕ್ಷರಗಳನ್ನು ಹಾಗೆಯೇ ಫಾರ್‌ನೇಮ್‌ಗೆ ಒಪ್ಪಿಸುವ ಪ್ರೋಗ್ರಾಮ್ ಕಂಡಾಗಲೆಲ್ಲ ನನಗೆ ಆ ಬಾಗಿಲುಗಳು ನೆನಪಾಗುತ್ತವೆ.

1997ರ ಜಾವಾ 1.1ರಲ್ಲಿ ವಸ್ತುಗಳನ್ನು ಬೈಟುಗಳಾಗಿ ಮಡಚಿ ಕಳಿಸುವ, ಆಚೆ ಕಡೆ ಬಿಡಿಸಿಕೊಳ್ಳುವ ‘ಸೀರಿಯಲೈಸೇಷನ್’ ಬಂತು. ಮಡಚಿದ ಪೊಟ್ಟಣದೊಳಗೆ ಕ್ಲಾಸಿನ ಹೆಸರು ಬರೆದಿರುತ್ತದೆ. ಪಡೆಯುವ ಕಡೆ ಪ್ರೋಗ್ರಾಮು ಆ ಹೆಸರನ್ನು ಓದಿ ವಸ್ತುವನ್ನು ಮರಳಿ ಕಟ್ಟುತ್ತದೆ. ನನಗೆ ಬೇಕಾದದ್ದು ರಾಶಿ, ಬಂದದ್ದು ರಾಶಿಯೇ ಹೌದೇ ಎಂದು ನೋಡುವುದು ಕಟ್ಟಿದ ಮೇಲೆ. ಅಷ್ಟರಲ್ಲಿ ಬಂದವನು ಮನೆಯೊಳಗೆ ಓಡಾಡಿ ಆಗಿರುತ್ತದೆ. 2015ರ ಜನವರಿಯಲ್ಲಿ ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಇದರಿಂದ ಏನಾಗಬಹುದೆಂದು ಕ್ಯಾಲಿಫೋರ್ನಿಯಾದ ಒಂದು ಸುರಕ್ಷತಾ ಸಮ್ಮೇಳನದಲ್ಲಿ ಮಾಡಿ ತೋರಿಸಿದರು. ಅವರು ಹೊಸ ವಿಷವನ್ನೇನೂ ಕಳಿಸಲಿಲ್ಲ. ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಎಂಬ, ಅಸಂಖ್ಯ ಪ್ರೋಗ್ರಾಮುಗಳು ಬಳಸುತ್ತಿದ್ದ ಭಂಡಾರದಲ್ಲಿ ಒಂದು ಸಾಧು ಕ್ಲಾಸಿತ್ತು. ಕೊಟ್ಟ ವಸ್ತುವಿನ ಮೇಲೆ ಕೊಟ್ಟ ಹೆಸರಿನ ಕೆಲಸವನ್ನು ಕರೆಯುವುದಷ್ಟೇ ಅದರ ಕಸುಬು. ಅಂಥವನ್ನು ಮಣಿಗಳಂತೆ ಪೋಣಿಸಿ ಮಡಚಿ ಕಳಿಸಿದರೆ, ಬಿಡಿಸುವಾಗ ಒಂದು ಇನ್ನೊಂದನ್ನು ಕರೆದು, ಕೊನೆಯ ಮಣಿ ಕಂಪ್ಯೂಟರಿನಲ್ಲಿ ಆಕ್ರಮಣಕಾರನ ಆದೇಶವನ್ನು ನಡೆಸುತ್ತಿತ್ತು. ಎಲ್ಲರೂ ಮನೆಯೊಳಗಿನವರೇ, ಕೂಗಿದ್ದು ಮಾತ್ರ ಹೊರಗಿನವರು. ಜಾವಾದ ಮುಖ್ಯ ಶಿಲ್ಪಿ ಮಾರ್ಕ್ ರೀನ್‌ಹೋಲ್ಡ್ 2018ರಲ್ಲಿ ಆ ಸೀರಿಯಲೈಸೇಷನ್ ಒಂದು ತಪ್ಪೇ ಆಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಇಷ್ಟು ದೊಡ್ಡ ವ್ಯವಸ್ಥೆಯ ಹೊಣೆ ಹೊತ್ತವರು ಹೀಗೆ ಹೇಳುವುದನ್ನು ನಾನು ಗೌರವಿಸುತ್ತೇನೆ.

2021ರ ಡಿಸೆಂಬರ್ ಇನ್ನೂ ಕೆಟ್ಟದಾಗಿತ್ತು. ಲಾಗ್4ಜೆ ಎಂಬುದು ಪ್ರೋಗ್ರಾಮುಗಳ ದಿನಚರಿ ಬರೆಯುವ ಜಾವಾ ಭಂಡಾರ. ಯಾರು ಬಂದರು, ಏನು ಕೇಳಿದರು ಎಂದು ಬರೆದಿಡುವುದಷ್ಟೇ ಅದರ ಕೆಲಸ. 2013ರಲ್ಲಿ ಅದಕ್ಕೆ ಒಂದು ಅನುಕೂಲ ಸೇರಿತ್ತು. ಬರೆಯುತ್ತಿರುವ ವಾಕ್ಯದೊಳಗೆ ಡಾಲರ್ ಚಿಹ್ನೆ, ಬಳ್ಳಿಯಾವರಣ, ಅದರೊಳಗೆ ‘ಜೆಎನ್‌ಡಿಐ’ ಎಂಬ ಗುರುತು, ಮುಂದೆ ಒಂದು ವಿಳಾಸ ಕಂಡರೆ ಅದು ಆ ವಿಳಾಸಕ್ಕೆ ಹೋಗಿ ಹೆಸರು ಕೇಳುತ್ತಿತ್ತು. ಆ ಕಡೆಯ ಸರ್ವರು ಒಂದು ಕ್ಲಾಸಿನ ಹೆಸರನ್ನೂ ಅದು ಸಿಗುವ ಜಾಗವನ್ನೂ ಉತ್ತರವಾಗಿ ಕಳಿಸಬಹುದಾಗಿತ್ತು. ಜಾವಾ ಯಂತ್ರ ಆ ಕ್ಲಾಸನ್ನು ತರಿಸಿಕೊಂಡು ವಸ್ತು ಹುಟ್ಟಿಸುತ್ತಿತ್ತು. ಆರಂಭದ ಸಾಲುಗಳು ನೆನಪಿವೆಯಲ್ಲ? ಕ್ಲಾಸ್ ಒಳಗೆ ಕಾಲಿಟ್ಟ ಕೂಡಲೇ ಅವು ಓಡುತ್ತವೆ. ದೂರದಿಂದ ಕ್ಲಾಸ್ ತರಿಸುವುದನ್ನು ಜಾವಾದ ಹೊಸ ಆವೃತ್ತಿಗಳು ಅಷ್ಟರಲ್ಲಿ ನಿಲ್ಲಿಸಿದ್ದವು, ಆದರೂ ಒಳಗೇ ಇರುವ ಕ್ಲಾಸುಗಳ ಹೆಸರು ಹೇಳಿ ಅದೇ ಕೆಲಸ ಮಾಡಿಸಲು ದಾರಿಗಳಿದ್ದವು.

ಅಲಿಬಾಬಾ ಕ್ಲೌಡ್‌ನ ಸುರಕ್ಷತಾ ತಂಡ ನವೆಂಬರ್ 24ರಂದು ಈ ದೋಷವನ್ನು ಲಾಗ್4ಜೆಯನ್ನು ನೋಡಿಕೊಳ್ಳುವ ಅಪಾಚೆ ಸಂಸ್ಥೆಗೆ ತಿಳಿಸಿತು, ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ ಜಗತ್ತಿಗೆಲ್ಲ ತಿಳಿಯಿತು. ತೀವ್ರತೆಯ ಅಂಕ 10ಕ್ಕೆ 10. ಮೈನ್‌ಕ್ರಾಫ್ಟ್ ಆಟದ ಹರಟೆ ಪೆಟ್ಟಿಗೆಯಲ್ಲಿ ಆ ಒಂದು ಸಾಲು ಬರೆದರೆ ಸಾಕಿತ್ತು. ಹರಟೆ ದಿನಚರಿಗೆ ಹೋಗುತ್ತದೆ, ದಿನಚರಿ ಬರೆಯುವವನು ಹೆಸರು ಓದುತ್ತಾನೆ, ಓದಿದ ಹೆಸರನ್ನು ಕೂಗುತ್ತಾನೆ. ಬರೆಯಲು ಕೂತವನಿಗೆ ಕೂಗುವ ಅಧಿಕಾರ ಏಕೆ ಬೇಕಿತ್ತು? ಆ ಡಿಸೆಂಬರಿನಲ್ಲಿ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ನನ್ನ ಗೆಳೆಯರು ರಾತ್ರಿಯಿಡೀ ಕೂತು, ತಮ್ಮ ಯಾವ ಯಾವ ಪ್ರೋಗ್ರಾಮಿನೊಳಗೆ ಆ ಭಂಡಾರ ಅಡಗಿದೆ ಎಂದು ಹುಡುಕುತ್ತಿದ್ದರು.

ನಾನು ಈಗ ಫಾರ್‌ನೇಮ್ ಅನ್ನು ಹೊರಗಿನ ಅಕ್ಷರಕ್ಕೆ ಎಂದೂ ಬಳಸುವುದಿಲ್ಲ. ಮಂಡಿಯ ಆ್ಯಪ್‌ನಲ್ಲೂ ತೆಗೆದುಹಾಕಿದೆ. ಅದರ ಜಾಗಕ್ಕೆ ಬಂದದ್ದು ಸಿ++ ಜನ ಮೊದಲಿನಿಂದ ಕಟ್ಟಿಕೊಳ್ಳುತ್ತಿದ್ದಂಥ ಕೋಷ್ಟಕ. ಎಡಕ್ಕೆ ಹೆಸರು, ಬಲಕ್ಕೆ ವಸ್ತು ಮಾಡಿಕೊಡುವ ಫಂಕ್ಷನ್. ಪ್ರತಿ ಬಗೆಯ ಕ್ಲಾಸೂ ಶುರುವಿನಲ್ಲೇ ತನ್ನ ಹೆಸರನ್ನು ಆ ಕೋಷ್ಟಕದಲ್ಲಿ ಬರೆಸುತ್ತದೆ, ಬೆಳೆಗಾರರು ಮಂಡಿಯಲ್ಲಿ ಖಾತೆ ತೆರೆದ ಹಾಗೆ. ಹೊರಗಿನಿಂದ ಬಂದ ಹೆಸರು ಕೋಷ್ಟಕದಲ್ಲಿದ್ದರೆ ವಸ್ತು ಹುಟ್ಟುತ್ತದೆ, ಇಲ್ಲದಿದ್ದರೆ ಆ್ಯಪ್ ಮುಚ್ಚಿಕೊಳ್ಳದೆ, ಇಂಥದ್ದು ಪಟ್ಟಿಯಲ್ಲಿಲ್ಲ ಎಂದು ತಿಳಿಸುತ್ತದೆ. ಹೊಸ ಬಗೆ ಸೇರಿಸಲು ನನ್ನ ಹಳೆಯ ಕಡತ ತೆರೆಯಬೇಕಿಲ್ಲ, ಹೊಸ ಕ್ಲಾಸ್ ಬರೆದು ಖಾತೆ ತೆರೆಸಿದರೆ ಆಯಿತು. ಸರಪಳಿಯ ಬಿಗಿಯೂ ಇಲ್ಲ, ಬಾಗಿಲು ತೆರೆದಿಟ್ಟ ಭಯವೂ ಇಲ್ಲ. ಹಗುರ ಮಾಡುವ ಉಪಕರಣಕ್ಕೂ ಈಗ ಎಲ್ಲ ಕ್ಲಾಸುಗಳು ಕಣ್ಣಿಗೆ ಕಾಣುತ್ತವೆ.

ಹೀಗೆ ಬದಲಿಸುವಾಗ ಹೆಸರುಗಳನ್ನು ಕನ್ನಡದಲ್ಲೇ ಇಟ್ಟೆವು. ಜಾವಾದಲ್ಲಿ ಕ್ಲಾಸಿನ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆಯಬಹುದು, ಪೈಥಾನ್ 3ರಲ್ಲೂ ಬರೆಯಬಹುದು. ಮಂಡಿಯ ಹಳೆಯ ಲೆಕ್ಕವೆಲ್ಲ ಯೂನಿಕೋಡ್ ಬರುವ ಮೊದಲಿನ ಕಾಲದ ಫಾಂಟಿನಲ್ಲಿ ಟೈಪಾಗಿತ್ತು, ಅದನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನು ನಾವೇ ಬರೆದು ಸರ್ವರಿಗೆ ತುಂಬಿದೆವು. ರಾಶಿ ಬಂತು, ಬೆಟ್ಟೆ ಬಂತು, ಸರಕು ಬಂತು. ಗೊರಬಲು ಒತ್ತಿದಾಗ ಪರದೆಯ ಮೇಲೆ ಈ ಸಂದೇಶ: ‘ಗೊರಬಲು ಎಂಬುದು ಪಟ್ಟಿಯಲ್ಲಿಲ್ಲ. ಇರುವವು: ರಾಶಿ, ಬೆಟ್ಟೆ, ಸರಕು, ಗೊರಬಲು.’

ಗುಮಾಸ್ತರು ಆ ಪರದೆಯ ಫೋಟೋ ಕಳಿಸಿ, ‘ಇದೆಯಲ್ಲ ಸರ್, ಕೊನೆಯಲ್ಲೇ ಇದೆ’ ಎಂದರು. ನನ್ನ ಕಣ್ಣಿಗೂ ಎರಡು ಗೊರಬಲುಗಳಲ್ಲಿ ಕೂದಲೆಳೆಯ ವ್ಯತ್ಯಾಸ ಕಾಣಲಿಲ್ಲ. ಒಂದೊಂದು ಪದದ ಉದ್ದ ಎಷ್ಟೆಂದು ಎಣಿಸಿ ತೋರಿಸಲು ಯಂತ್ರಕ್ಕೆ ಹೇಳಿದೆ. ಕೋಷ್ಟಕದ ಗೊರಬಲುವಿಗೆ 6, ಸರ್ವರಿನಿಂದ ಬಂದದ್ದಕ್ಕೆ 7.

ಗಕಾರಕ್ಕೆ ಒತ್ವ ಕೊಟ್ಟರೆ ಗೊ. ಯೂನಿಕೋಡಿನಲ್ಲಿ ಒತ್ವಕ್ಕೆ ತನ್ನದೇ ಒಂದು ಸಂಕೇತವಿದೆ. ಹಳೆಯ ಫಾಂಟುಗಳಲ್ಲಿ ಅದು ಎರಡು ತುಂಡು, ಮೊದಲು ಎತ್ವ, ಆಮೇಲೆ ಊಕಾರದ ದೀರ್ಘ ಕೊಂಬು. ನಮ್ಮ ಪರಿವರ್ತಕ ಆ ಎರಡು ತುಂಡುಗಳನ್ನು ಎರಡು ಸಂಕೇತಗಳಾಗಿಯೇ ಬಿಟ್ಟಿತ್ತು. ಪರದೆಗೆ ಬಂದಾಗ ಎರಡೂ ಬೆಸೆದುಕೊಂಡು ಗೊ ಎಂದೇ ಕಾಣುತ್ತವೆ, ಯೂನಿಕೋಡ್ ನಿಯಮದ ಪ್ರಕಾರವೂ ಇವೆರಡು ಒಂದೇ ಅಕ್ಷರ. ಆದರೆ ಕೋಷ್ಟಕದಲ್ಲಿ ಹುಡುಕುವ ಪ್ರೋಗ್ರಾಮು ಸಂಕೇತಗಳನ್ನು ಒಂದೊಂದಾಗಿ ಹೋಲಿಸುತ್ತದೆ, ಅದಕ್ಕೆ ಇವು ಬೇರೆ ಬೇರೆ ಹೆಸರು. ರಾಶಿಯಲ್ಲಿ, ಬೆಟ್ಟೆಯಲ್ಲಿ, ಸರಕಿನಲ್ಲಿ ಹೀಗೆ ಒಡೆಯುವ ಸ್ವರ ಒಂದೂ ಇಲ್ಲ. ನಾಲ್ಕರಲ್ಲಿ ಗೊರಬಲು ಒಂದೇ ಸಿಕ್ಕಿಬಿದ್ದಿತ್ತು.

ಒಡೆದ ಸ್ವರಗಳನ್ನು ಕೂಡಿಸಿಕೊಡುವ ‘ನಾರ್ಮಲೈಸರ್’ ಜಾವಾದಲ್ಲೇ ಇದೆ. ಹೆಸರು ಹೊರಗಿನಿಂದ ಬರುವ ಜಾಗದಲ್ಲಿ ಅದನ್ನು ಕರೆಯುವ ಒಂದು ಸಾಲು ಸೇರಿಸಿದೆ, ಕ್ಲಾಸುಗಳು ಖಾತೆ ತೆರೆಯುವ ಜಾಗದಲ್ಲಿ ಅದೇ ಸಾಲನ್ನು ಇನ್ನೊಮ್ಮೆ. ಗುಮಾಸ್ತರಿಗೆ ಫೋನ್ ಮಾಡಿ ಈಗ ಒತ್ತಿ ನೋಡಿ ಎಂದೆ. ಆ ಕಡೆ ತಕ್ಕಡಿಯ ಸದ್ದು, ಯಾರೋ ಚೀಲ ಎಳೆಯುವ ಸದ್ದು. ‘ಬಂತು ಸರ್, ಮೂರು ಚೀಲದ್ದು’ ಎಂದು ಅವರು ಲೆಕ್ಕ ಓದತೊಡಗಿದರು.